ಕೀಲಿ ತಿರುಗಿಸುವ ಅಧಿಕಾರಿ ಆದೇಶವನ್ನು ಪ್ರಶ್ನಿಸಬಹುದೇ?

ಪ್ರಶ್ನೆ: ನನ್ನ ಮಗ ಹಾಸನದ ಕಾಲೇಜೊಂದರಲ್ಲಿ ಎನ್‌ಸಿಸಿ ಕೆಡೆಟ್, ಮಾವನವರು ಸೇನೆಯಲ್ಲಿ ಹವಾಲ್ದಾರರಾಗಿ ನಿವೃತ್ತರಾದವರು. ಅಣ್ವಸ್ತ್ರ ಉಡಾಯಿಸುವ ಆದೇಶ ತಪ್ಪೆಂದು ಕಂಡರೂ ಪಾಲಿಸಬೇಕೇ ಎಂದು ಮಗ ಕೇಳಿದರೆ, 'ಹುಕುಂ ಅಂದರೆ ಹುಕುಂ' ಎನ್ನುತ್ತಾರೆ ಮಾವ. 1983ರಲ್ಲಿ ಆದೇಶ ಮೀರಿ ಯುದ್ಧ ತಪ್ಪಿಸಿದ ಸೋವಿಯತ್ ಅಧಿಕಾರಿ ಪೆಟ್ರೋವ್ ಅವರ ಹೆಸರನ್ನು ಮಗ ಮುಂದಿಡುತ್ತಾನೆ. ಯಾರ ಮಾತು ಸರಿ?
– ಓದುಗರು, ಅರಸೀಕೆರೆ

ಉತ್ತರ: ನಿಮ್ಮ ಮಾವನವರ ಮಾತಿಗೆ ಒಂದು ಪದ ಸೇರಬೇಕು. 1950ರ ಸೇನಾ ಕಾಯ್ದೆಯ 41ನೇ ಕಲಂ ಅಪರಾಧವೆಂದು ಹೇಳುವುದು 'ಕಾನೂನುಬದ್ಧ' ಆದೇಶದ ಉಲ್ಲಂಘನೆಯನ್ನು. ಮೇಲಿನವರು ಹೇಳಿದ್ದರಿಂದ ಮಾಡಿದೆ ಎಂಬ ಸಮಜಾಯಿಷಿಯನ್ನು ಎರಡನೇ ಮಹಾಯುದ್ಧದ ಬಳಿಕ ನಾಜಿ ನಾಯಕರ ಮೇಲೆ ನಡೆದ ನ್ಯೂರೆಂಬರ್ಗ್ ವಿಚಾರಣೆಯೂ ಒಪ್ಪಲಿಲ್ಲ.

ಆದರೆ ಅಣ್ವಸ್ತ್ರದ ವಿಷಯದಲ್ಲಿ ಈ ನಿಯಮವನ್ನು ಬಳಸುವುದು ಬಹಳ ಕಷ್ಟ. ಅಮೆರಿಕದ ಅಣ್ವಸ್ತ್ರ ಹೊತ್ತ ಮಿನಿಟ್‌ಮನ್ ಕ್ಷಿಪಣಿಯನ್ನು ಹಾರಿಸುವ ಭೂಗತ ಕೊಠಡಿಯಲ್ಲಿ ಇಬ್ಬರು ಅಧಿಕಾರಿಗಳಿರುತ್ತಾರೆ. ಒಬ್ಬರ ಕೈಗೆ ಎರಡೂ ಎಟುಕದಷ್ಟು ದೂರದಲ್ಲಿರುವ ಎರಡು ಕೀಲಿಗಳನ್ನು ಅವರು ಒಟ್ಟಿಗೆ ತಿರುಗಿಸಬೇಕು. ಬಂದ ಸಂಕೇತ ಅಸಲಿಯೇ ಎಂಬುದನ್ನು ಅವರು ತಾಳೆ ನೋಡಬಲ್ಲರೇ ಹೊರತು, ಆ ಆದೇಶದ ಹಿಂದಿನ ಕಾರಣ ನ್ಯಾಯವಾದದ್ದೇ ಎಂದು ತಿಳಿಯಲು ಅವರಿಗೆ ದಾರಿಯಿಲ್ಲ. 1973ರಲ್ಲಿ ತರಬೇತಿಯಲ್ಲಿದ್ದ ಮೇಜರ್ ಹೆರಾಲ್ಡ್ ಹೆರಿಂಗ್ ಎಂಬವರು, ಆದೇಶ ಕೊಟ್ಟ ಅಧ್ಯಕ್ಷರ ಬುದ್ಧಿ ಸ್ಥಿಮಿತದಲ್ಲಿದೆ ಎಂದು ತಾವು ತಿಳಿಯುವುದು ಹೇಗೆಂದು ಕೇಳಿದರು. ಉತ್ತರ ಸಿಗಲಿಲ್ಲ, ವಾಯುಪಡೆಯ ನೌಕರಿ ಹೋಯಿತು. ಕೇಳಲೇಬೇಕಾದ ಪ್ರಶ್ನೆಯನ್ನು ಕೇಳಿದವರಿಗೆ ಆದ ಅನ್ಯಾಯವಿದು ಎಂದೇ ನಾನು ಭಾವಿಸುತ್ತೇನೆ.

ಇನ್ನು ಪೆಟ್ರೋವ್ ಅವರ ವಿಷಯದಲ್ಲಿ ನಿಮ್ಮ ಮಗನ ತಿಳಿವಳಿಕೆಯನ್ನು ಸ್ವಲ್ಪ ತಿದ್ದಬೇಕಾಗಿದೆ. ಅವರಿಗೆ ಕ್ಷಿಪಣಿ ಹಾರಿಸೆಂದು ಯಾರೂ ಹೇಳಿರಲಿಲ್ಲ. ಅವರ ಮುಂದೆ ಕೀಲಿಯೂ ಇರಲಿಲ್ಲ. ಮಾಸ್ಕೋ ಸಮೀಪದ ಎಚ್ಚರಿಕೆ ಕೇಂದ್ರದಲ್ಲಿ ಸೆಪ್ಟೆಂಬರ್ 26ರ ರಾತ್ರಿ ಪಾಳಿಯಲ್ಲಿದ್ದಾಗ, ಅಮೆರಿಕದಿಂದ ಮೊದಲು ಒಂದು, ಬಳಿಕ ನಾಲ್ಕು ಕ್ಷಿಪಣಿಗಳು ಹೊರಟಿವೆ ಎಂದು ಉಪಗ್ರಹ ವ್ಯವಸ್ಥೆ ತೋರಿಸಿತು. ಯುದ್ಧ ಆರಂಭಿಸುವವರು ಬರೀ ಐದು ಕ್ಷಿಪಣಿ ಬಿಡುವುದಿಲ್ಲವೆಂದು ಯೋಚಿಸಿ, ಇದು ಸುಳ್ಳು ಎಚ್ಚರಿಕೆಯೆಂದು ಅವರು ಮೇಲಿನವರಿಗೆ ತಿಳಿಸಿದರು. ಮೋಡದ ಮೇಲೆ ಪ್ರತಿಫಲಿಸಿದ ಬಿಸಿಲನ್ನು ಉಪಗ್ರಹ ಕ್ಷಿಪಣಿಯ ಬೆಂಕಿಯೆಂದು ಎಣಿಸಿತ್ತು. ಉಪಗ್ರಹಗಳನ್ನು ನಿಯಂತ್ರಿಸುವ ಇಸ್ರೋ ಕೇಂದ್ರವಾದ ಎಂಸಿಎಫ್‌ನ ಆಂಟೆನಾಗಳ ಊರಿನಲ್ಲಿ ಓದುತ್ತಿರುವ ಹುಡುಗನಿಗೆ, ಉಪಗ್ರಹ ಕಳಿಸಿದ್ದನ್ನು ಮನುಷ್ಯರೇ ಕೂತು ಅರ್ಥ ಮಾಡಿಕೊಳ್ಳಬೇಕೆಂದು ಬಿಡಿಸಿ ಹೇಳಬೇಕಿಲ್ಲ. ಪೆಟ್ರೋವ್ ಮಾಡಿದ್ದು ಅವಿಧೇಯತೆಯಲ್ಲ, ಪ್ರಾಮಾಣಿಕ ವರದಿ.

ಹಾಗಾಗಿ ವಿವೇಚನೆಗೆ ನಿಜವಾದ ಅವಕಾಶವಿರುವುದು ಕೀಲಿಗಿಂತ ಹಿಂದಿನ ಹಂತಗಳಲ್ಲಿ. ಭಾರತದಲ್ಲಿ 2003ರ ಜನವರಿಯಲ್ಲಿ ಪ್ರಕಟವಾದ ನೀತಿಯ ಪ್ರಕಾರ, ಪ್ರಧಾನಿಯವರ ಅಧ್ಯಕ್ಷತೆಯ ರಾಜಕೀಯ ಮಂಡಳಿ ಮಾತ್ರ ಅಣ್ವಸ್ತ್ರ ಬಳಕೆಗೆ ಅನುಮತಿ ನೀಡಬಲ್ಲದು. ಮೊದಲು ಬಳಸುವುದಿಲ್ಲ ಎಂಬ ಸಂಕಲ್ಪವೂ ಅದರಲ್ಲಿದೆ. ಕೊನೆಯಲ್ಲಿ ಕೂತ ಅಧಿಕಾರಿಯ ಆತ್ಮಸಾಕ್ಷಿಯೊಂದರ ಮೇಲೆ ಇಡೀ ಹೊರೆ ಹೊರಿಸುವ ವ್ಯವಸ್ಥೆ ಆ ಅಧಿಕಾರಿಗೂ ಅನ್ಯಾಯ, ನಮಗೂ ಅಪಾಯ.

ನಿಮ್ಮ ಮಗನಿಗೆ ಒಂದು ಕೆಲಸ ಹೇಳುತ್ತೇನೆ. ರಾತ್ರಿ ಪಹರೆಯಲ್ಲಿ ದೂರದಲ್ಲೊಂದು ನೆರಳು ಅಲುಗಿದಾಗ, ಶತ್ರುವೆಂದು ಮೇಲಕ್ಕೆ ಸುದ್ದಿ ಕಳಿಸುವ ಮೊದಲು ಏನೇನು ನೋಡುತ್ತಿದ್ದಿರಿ ಎಂದು ಅವನು ತನ್ನ ಅಜ್ಜನನ್ನೇ ಕೇಳಲಿ.