ಡಿವೋರ್ಸ್ ಆದಮೇಲೆ ಮನೆ ಸಾಲ ಗಂಡನೇ ಕಟ್ಟುತ್ತೇನೆ ಅಂದರೆ, ಸಾಲದಿಂದ ನನ್ನ ಹೆಸರು ತಾನಾಗಿಯೇ ಹೋಗುತ್ತಾ?

ಇಲ್ಲ, ಹೋಗುವುದಿಲ್ಲ. ಡಿವೋರ್ಸ್‌ಗೆ ಒಪ್ಪಿಗೆ ಇದೆ ಅಂತ ಇಬ್ಬರೂ ಕೋರ್ಟಿನಲ್ಲಿ ಮತ್ತೆ ಹೇಳುವ ಎರಡನೇ ತಾರೀಖಿಗೆ ಮೊದಲೇ ಇದನ್ನು ಬಗೆಹರಿಸಿಕೊಳ್ಳಿ.

ಧಾರವಾಡದ ಫ್ಲಾಟೂ ಸಾಲವೂ ಇಬ್ಬರ ಹೆಸರಲ್ಲಿದೆ, ಇಬ್ಬರೂ ಒಪ್ಪಿ ಅರ್ಜಿ ಹಾಕಿದ್ದೀರಿ, ನಿಮ್ಮ ಬಂಗಾರ ಅವರ ಹೆಸರಲ್ಲಿ ಅಡವಿದೆ ಅಂತ ಬರೆದಿದ್ದೀರಿ. ಹುಬ್ಬಳ್ಳಿಯಲ್ಲಿ ನನ್ನದೂ ಹೆಚ್ಚುಕಡಿಮೆ ಹೀಗೇ ಆಗಿತ್ತು.

ಹಿರಿಯರು ಕೂಡಿ ಮಾತಾಡಿ, ಮನೆ ಅವರಿಗೆ, ಸಾಲವೂ ಅವರದೇ ಅಂತ ಬರೆಸಿದರು. ಡಿಕ್ರಿಯಲ್ಲೂ, ಅಂದರೆ ಕೋರ್ಟಿನ ಡಿವೋರ್ಸ್ ಆದೇಶದಲ್ಲೂ, ಅದೇ ಬಂತು. ನಾನು ತವರಿಗೆ ಬಂದೆ. ಹನ್ನೊಂದು ತಿಂಗಳಾದ ಮೇಲೆ ಬ್ಯಾಂಕಿನಿಂದ ಫೋನ್ ಬಂತು, ಮೂರು ಕಂತು ಬಾಕಿ. ಡಿಕ್ರಿ ಹಿಡಿದುಕೊಂಡು ಓಡಿದೆ. ಮ್ಯಾನೇಜರ್ ಪೂರ್ತಿ ಓದಿದರು, ಮಡಚಿ ನನ್ನ ಕಡೆಗೇ ಸರಿಸಿದರು. ಆಮೇಲೆ ಸಾಲದ ಕರಾರು ತೆಗೆದು ನನ್ನ ಸಹಿಯ ಮೇಲೆ ಬೆರಳಿಟ್ಟರು. "ಅದು ನಿಮ್ಮಿಬ್ಬರ ನಡುವಿನ ಮಾತ್ರೀ. ನಮ್ಮ ಕಾಗದದಾಗ ಇಬ್ಬರದೂ ಸಹಿ ಐತಿ."

ಅವರು ಹೇಳಿದ್ದು ಸರಿಯೇ. ನಿಮ್ಮ ಒಪ್ಪಂದಕ್ಕೆ ಬ್ಯಾಂಕ್ ಸಹಿ ಹಾಕಿರುವುದಿಲ್ಲ. ಜಂಟಿ ಸಾಲದಲ್ಲಿ ಅರ್ಧ ನಿಮ್ಮದು, ಅರ್ಧ ಅವರದು ಅಂತಲೂ ಇಲ್ಲ. ಪೂರ್ತಿ ಸಾಲಕ್ಕೆ ಇಬ್ಬರೂ ಹೊಣೆ. ಡಿಕ್ರಿ ತೋರಿಸಿ ಆಮೇಲೆ ಗಂಡನಿಂದ ವಸೂಲಿ ಮಾಡಬಹುದು, ನಿಜ. ಆದರೆ ಅಷ್ಟರಲ್ಲಿ ನಿಮ್ಮ ಸಿಬಿಲ್ ಸ್ಕೋರ್ ಬಿದ್ದಿರುತ್ತದೆ.

ಪರಸ್ಪರ ಒಪ್ಪಿಗೆಯ ಡಿವೋರ್ಸ್‌ನಲ್ಲಿ ಅರ್ಜಿ ಹಾಕಿದ ಮೇಲೆ ಆರು ತಿಂಗಳು ಬಿಡುವು ಇರುತ್ತದೆ. ಡಿಕ್ರಿ ಆಗುವವರೆಗೂ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ನಿಮ್ಮ ಮಾತಿಗೆ ಬೆಲೆ ಇರುವುದು ಈ ಆರು ತಿಂಗಳಲ್ಲೇ. 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಈ ಬಿಡುವು ಬೇಡ ಅಂತ ಕೋರ್ಟನ್ನು ಕೇಳಲು ಅವಕಾಶ ಇದೆ. ಬೇಗ ಮುಗಿಸೋಣ ಅಂತ ಯಾರಾದರೂ ಅವಸರ ಮಾಡಿದರೆ ಒಪ್ಪಬೇಡಿ.

ಸಾಲವನ್ನು ಒಬ್ಬರದೇ ಹೆಸರಿಗೆ ಮಾಡಿಸಲು ನಿಮ್ಮ ಗಂಡ ಈಗಲೇ ಅರ್ಜಿ ಕೊಡಲಿ. ಅವರ ಸಂಬಳ ಸಾಲದಿದ್ದರೆ ಬ್ಯಾಂಕ್ ಒಪ್ಪಲ್ಲ. ಆಗ ಅವರ ಮನೆಯವರು ಯಾರಾದರೂ ಜೊತೆಗೆ ನಿಲ್ಲಬೇಕು, ಇಲ್ಲವೇ ಫ್ಲಾಟ್ ಮಾರಿ, ಸಾಲ ತೀರಿಸಿ, ಉಳಿದದ್ದು ಹಂಚಿಕೊಳ್ಳಬೇಕು. ನಿಮ್ಮನ್ನು ಸಾಲದಿಂದ ಬಿಟ್ಟಿದ್ದೇವೆ ಅಂತ ಬ್ಯಾಂಕ್ ಬರೆದುಕೊಟ್ಟ ಮೇಲೆಯೇ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ಫ್ಲಾಟಿನ ನಿಮ್ಮ ಪಾಲಿನ ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಿ. ನಾನು ಮೊದಲು ಹಕ್ಕು ಬಿಟ್ಟೆ. ಮನೆ ಹೋಯಿತು, ಸಾಲ ಉಳಿಯಿತು.

ಇನ್ನೊಂದು ವಿಷಯ. ಹೆಂಡತಿಗೆ ಅರ್ಧ ಆಸ್ತಿ ಅನ್ನುವ ನಿಯಮ ನಮ್ಮ ಕಾನೂನಿನಲ್ಲಿ ಇಲ್ಲ. ಯಾರ ಹೆಸರಲ್ಲಿದೆ, ಯಾರು ದುಡ್ಡು ಹಾಕಿದ್ದಾರೆ ಅನ್ನುವುದೇ ಮುಖ್ಯ. ನಿಮ್ಮ ಖಾತೆಯಿಂದ ಕಂತು ಹೋಗಿದ್ದರೆ ಸ್ಟೇಟ್‌ಮೆಂಟ್ ತೆಗೆಸಿಡಿ.

ಬಂಗಾರದ ಮಾತೇ ಬೇರೆ. ತವರಿನವರು ಹಾಕಿದ್ದು ಸ್ತ್ರೀಧನ, ಅದು ನಿಮ್ಮದೇ. ಕಷ್ಟಕ್ಕೆ ಅಂತ ಗಂಡ ಬಳಸಿಕೊಂಡರೂ ವಾಪಸ್ ಕೊಡಲೇಬೇಕು. 2024ರಲ್ಲೂ ಸುಪ್ರೀಂ ಕೋರ್ಟ್ ಇದನ್ನೇ ಹೇಳಿದೆ. ಆದರೆ ಅಡವಿನ ಚೀಟಿ ಅವರ ಹೆಸರಲ್ಲಿದ್ದರೆ ಬಿಡಿಸಲು ಅವರೇ ಬರಬೇಕು. ಇದೊಂದರಲ್ಲಿ ನಾನು ಗಟ್ಟಿಯಾಗಿ ನಿಂತೆ. ಬಂಗಾರ ಕೈಗೆ ಬರದೆ ಎರಡನೇ ತಾರೀಖಿಗೆ ಬರಲ್ಲ ಅಂದೆ. ಬ್ಯಾಂಕಿನವರು ಸೀಲ್ ಒಡೆದು, ಅವ್ವ ಹಾಕಿದ ಬೋರಮಾಳ ಸರವನ್ನೂ ನಾಲ್ಕು ಪಾಟ್ಲಿಗಳನ್ನೂ ನನ್ನ ಮುಂದೆಯೇ ತೂಕ ಮಾಡಿ ಕೊಟ್ಟರು. ನೀವು ಮದುವೆ ಫೋಟೋ, ಪತ್ತಾರರ (ಅಕ್ಕಸಾಲಿಗರ) ಚೀಟಿ ಈಗಲೇ ಹುಡುಕಿಡಿ.

ಗಂಡನ ಸೊಸೈಟಿ ಸಾಲಕ್ಕೆ ಎಲ್ಲಾದರೂ ಜಾಮೀನು ಹಾಕಿದ್ದೀರಾ? ಅದೂ ಡಿವೋರ್ಸ್‌ನಿಂದ ಹೋಗಲ್ಲ.

ವಕೀಲರಿಗೆ ದುಡ್ಡಿಲ್ಲ ಅಂದಿರಿ. ಆದಾಯ ಎಷ್ಟೇ ಇರಲಿ, ಹೆಣ್ಣುಮಕ್ಕಳಿಗೆ ಉಚಿತ ಕಾನೂನು ನೆರವು ಸಿಗುತ್ತದೆ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ, ಅಥವಾ 15100ಕ್ಕೆ ಫೋನ್ ಮಾಡಿ. ಅದಕ್ಕೂ ಮೊದಲು ನಾಳೆಯೇ ಬ್ಯಾಂಕಿಗೆ ಹೋಗಿ ಸಾಲದ ಬಾಕಿ ಎಷ್ಟಿದೆ ಅಂತ ಬರೆಸಿಕೊಂಡು ಬನ್ನಿ. ನೀವೂ ಸಾಲಗಾರರೇ, ಕೇಳುವ ಹಕ್ಕು ನಿಮಗಿದೆ.