ಫೋಟೋ ನೋಡಿ ಸಮುದ್ರ ಬರೆದ್ರೆ ಸಾಕಾ?

ಪ್ರಶ್ನೆ: ನಾನು ಶಿವಮೊಗ್ಗ ಜಿಲ್ಲೆ ಸಾಗರ ಊರಿನ ಕಡೆಯೋಳು, ಸಮುದ್ರದ ಚಿತ್ರ ಬಿಡಿಸೋ ಹುಚ್ಚು. ಫೋಟೋ ನೋಡಿ ಬರೆದ್ರೆ ಹಡಗು ನೀರಿನ ಮೇಲೆ ಅಂಟಿಸಿದ ಹಾಗೆ ಕಾಣತ್ತೆ. ದೊಡ್ಡ ಚಿತ್ರಗಾರ್ರು ನಿಜವಾಗ್ಲೂ ಸಮುದ್ರಕ್ಕೆ ಹೋಗ್ತಿದ್ರಾ?

ಉತ್ತರ: ಹೋಗ್ತಿದ್ರು, ಅದೂ ಯುದ್ಧದ ಮಧ್ಯಕ್ಕೇ! ಹಾಲೆಂಡಿನ ವಿಲ್ಲೆಮ್ ವಾನ್ ಡ ವೆಲ್ಡೆ 1666ರಲ್ಲಿ ಇಂಗ್ಲಿಷರ ಜೊತೆ ನಾಲ್ಕು ದಿನ ನಡೆದ ನೌಕಾಯುದ್ಧವನ್ನ ಪುಟ್ಟ ಹಡಗಲ್ಲಿ ಕೂತು ಸ್ಕೆಚ್ ಮಾಡಿದೋರು, ಆಮೇಲೆ ಇವ್ರು, ಚಿತ್ರಗಾರನೇ ಆಗಿದ್ದ ಇವ್ರ ಮಗ, ಇಬ್ರೂ ಇಂಗ್ಲೆಂಡಿಗೇ ಹೋಗಿ ಸೇರ್ಕೊಂಡ್ರು, 1674ರಲ್ಲಿ ರಾಜ ಎರಡನೇ ಚಾರ್ಲ್ಸ್ ವರ್ಷಕ್ಕೆ ತಲಾ 100 ಪೌಂಡ್ ಸಂಬಳ ಗೊತ್ತು ಮಾಡಿದ, ಅಪ್ಪಂಗೆ ಸ್ಕೆಚ್ ಹಾಕೋಕೆ, ಮಗಂಗೆ ಅದಕ್ಕೆ ಬಣ್ಣ ತುಂಬೋಕೆ. ಎಂಥಾ ಚಂದದ ಕೆಲಸ ನೋಡಿ! ರಷ್ಯಾದ ಐವಾಜೋವ್ಸ್ಕಿ ನೌಕಾಪಡೆ ಜೊತೆ ಸುತ್ತಿ ಬಂದು ಸ್ಟುಡಿಯೋದಲ್ಲಿ ನೆನಪಿಂದ್ಲೇ ಬರೀತಿದ್ರು.

ದೋಣಿ ಹತ್ತಿದೋರಿಗೆ ಗಾಳಿ ಗೊತ್ತಿರತ್ತೆ. ಹಾಯಿ ಉಬ್ಬೋದು, ಬಾವುಟ ಹಾರೋದು, ದೋಣಿ ವಾಲೋದು ಎಲ್ಲಾ ಒಂದೇ ಗಾಳಿಗೆ ಹೊಂದ್ಬೇಕು, ಮುಂಭಾಗ ನೀರು ಸೀಳೋ ಕಡೆ ನೊರೆ ಏಳ್ಬೇಕು, ಹಡಗಿನ ಬಿಂಬ ಅಲೆ ಮೇಲೆ ಚೂರುಚೂರಾಗಿ ಬೀಳ್ಬೇಕು. ಅದಿಲ್ದಿದ್ರೆ ಅಂಟಿಸಿದ ಹಾಗೇ ಕಾಣೋದು. ಬಿಂಬ ನೋಡೋಕೆ ಶರಾವತಿ ಹಿನ್ನೀರು ಸಾಕು, ಅಲೆಗೆ ಮಾತ್ರ ಗೇರುಸೊಪ್ಪೆ ಘಾಟಿ ಇಳಿದು ಹೊನ್ನಾವರದ ಅಳಿವೆಗೇ ಹೋಗಿ, ಮೀನು ದೋಣಿ ವಾಪಸ್ ಬರೋ ಹೊತ್ತಿಗೆ ಪೆನ್ಸಿಲ್ಲಲ್ಲಿ ಬರೀರಿ, ಬಣ್ಣ ಮನೇಲಿ ಹಾಕಿ. ಜೂನ್-ಜುಲೈ ಬೇಡ, ಆಗ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧ ಇರತ್ತೆ.