ಶರಾವತಿ ಕಣಿವೆಯ ಲೇಖನವನ್ನು ಹಿಂತಿರುಗಿಸುತ್ತಾ

ಮಾನ್ಯರೇ,

ಉಪಗ್ರಹ ಚಿತ್ರಗಳನ್ನು ಮುಂದಿಟ್ಟುಕೊಂಡು ಶರಾವತಿ ಕಣಿವೆಯ ಮೂವತ್ತು ವರ್ಷಗಳ ಬದಲಾವಣೆಯ ಬಗ್ಗೆ ನೀವು ಬರೆದ ಲೇಖನ ತಲುಪಿದೆ. ಭಾಷೆ ಶುದ್ಧವಾಗಿದೆ, ನಕ್ಷೆಗಳು ಅಚ್ಚುಕಟ್ಟಾಗಿವೆ. ಆದರೂ ಹಿಂತಿರುಗಿಸುತ್ತಿದ್ದೇನೆ. ಅದರ ಎರಡು ವಾಕ್ಯಗಳು ಎರಡು ದಿನ ನನ್ನ ತಲೆ ತಿಂದಿವೆ.

ಮೊದಲನೆಯದು ಮೂರನೇ ಪುಟದ್ದು: "ಹಿನ್ನೀರಿನ ಅಂಚಿನಲ್ಲಿ ಬೋಳು ನೆಲ ಗಾಬರಿ ಹುಟ್ಟಿಸುವಷ್ಟು ಹೆಚ್ಚಿದೆ." ಅಡಿಟಿಪ್ಪಣಿ ನೋಡಿದರೆ 1990ರ ಲ್ಯಾಂಡ್‌ಸ್ಯಾಟ್ ಉಪಗ್ರಹದ ಚಿತ್ರ ಡಿಸೆಂಬರಿನದು, 2020ರದು ಮೇ ತಿಂಗಳಿನದು! ಶರಾವತಿಗೆ ಕಟ್ಟಿದ ಲಿಂಗನಮಕ್ಕಿ ಜಲಾಶಯದ ನೀರು ಒಳ್ಳೆಯ ಮಳೆಯಾದ ವರ್ಷ ಸಮುದ್ರಮಟ್ಟದಿಂದ 1819 ಅಡಿಯ ಗರಿಷ್ಠ ಮಟ್ಟದ ಸಮೀಪಕ್ಕೆ ಏರಿ, ವಿದ್ಯುತ್ತಿಗಾಗಿ ಹರಿದು ಹರಿದು ಬೇಸಿಗೆಯ ಕೊನೆಗೆ ತಳ ಸೇರುತ್ತದೆ. ಅದರೊಳಗೆ ಮುಳುಗಿರುವ ಹಳೆಯ ಮಡೆನೂರು ಅಣೆಕಟ್ಟೆ ಕೂಡ ನೀರು ತೀರಾ ಕಡಿಮೆಯಾದ ವರ್ಷಗಳಲ್ಲಿ ತಲೆ ಎತ್ತುತ್ತದೆ. ಹೀಗಿರುವಾಗ ನೀವು ಅಳೆದದ್ದು ಡಿಸೆಂಬರಿಗೂ ಮೇ ತಿಂಗಳಿಗೂ ಇರುವ ಅಂತರವನ್ನಷ್ಟೇ. ಬೇಸಿಗೆಗೆ ಮುನ್ನ ಎಲೆಯುದುರಿಸುವ ಮರಗಳನ್ನೂ ಇದೇ ಲೆಕ್ಕದಲ್ಲಿ 'ನಾಶವಾದ ಕಾಡು' ಎಂದು ಬರೆದಿದ್ದೀರಿ. ಮಳೆಗಾಲದಲ್ಲಿ ಮೋಡ ಅಡ್ಡ ಬರುವುದು ನಿಜ, ಆದರೆ ಜನವರಿಯ ಆಕಾಶಕ್ಕೆ ಆ ನೆಪವಿಲ್ಲ.

ಎರಡನೆಯದು ನನ್ನನ್ನು ಇನ್ನೂ ಹೆಚ್ಚು ಕೆರಳಿಸಿತು: "ಕಣಿವೆಯ ಒಳಭಾಗದಲ್ಲಿ ಹಸಿರು ಉಳಿದಿದೆ, ಅಂದರೆ ಕಾಡು ಉಳಿದಿದೆ." ಆ 'ಅಂದರೆ' ಎಲ್ಲಿಂದ ಬಂತು? ನೀವು ಬಳಸಿದ ಸಸ್ಯ ಸೂಚ್ಯಂಕಕ್ಕೆ ಗೊತ್ತಿರುವುದು ಇಷ್ಟೇ: ಎಲೆ ಕೆಂಪು ಬೆಳಕನ್ನು ಹೀರುತ್ತದೆ, ಅವಕೆಂಪು ಕಿರಣವನ್ನು ಹಿಂದಕ್ಕೆ ಕಳುಹಿಸುತ್ತದೆ. ಆ ಎಲೆ ಕಾನಿನದೋ (ನಿತ್ಯಹಸಿರಿನ ಕಾಡಿನದೋ), ಅಡಿಕೆ ತೋಟದ್ದೋ, ಗುಡ್ಡ ಬೋಳಿಸಿ ನೆಟ್ಟ ಅಕೇಶಿಯಾದ್ದೋ ಎಂದು ಸೂಚ್ಯಂಕವೊಂದೇ ಹೇಳಲಾರದು. ಅದರ ಮೇಲೆ ನಿಮ್ಮ ಚಿತ್ರದ ಒಂದು ಚೌಕ ಮೂವತ್ತು ಮೀಟರಿನದು, ಎಕರೆಗೆ ನಾಲ್ಕೂವರೆ ಚೌಕ. ನಮ್ಮ ಕಡೆ ಎರಡು ಗುಡ್ಡಗಳ ನಡುವೆ ಪಟ್ಟಿಯಂತೆ ಹಬ್ಬುವ ತೋಟ ತೋಟಕ್ಕೆ ಸೊಪ್ಪು ತರುವ ಪಕ್ಕದ ಸೊಪ್ಪಿನ ಬೆಟ್ಟದೊಡನೆ ಒಂದೇ ಚೌಕದಲ್ಲಿ ಕಲಸಿಹೋಗುತ್ತದೆ.

ಇಷ್ಟು ಖಾರವಾಗಿ ಬರೆಯಲು ಕಾರಣ, ಈ 'ಅಂದರೆ'ಯನ್ನು ನಾನೂ ಒಮ್ಮೆ ಬರೆದಿದ್ದೆ. ಕಲಿಕೆಯ ದಿನಗಳಲ್ಲಿ ದೀಪದ ಮೇಜಿನ ಮೇಲೆ ಉಪಗ್ರಹ ಚಿತ್ರದ ಕಾಗದದ ಪ್ರತಿ ಹಾಸಿ (ಅದರಲ್ಲಿ ಸಸ್ಯವೆಲ್ಲ ಕೆಂಪಾಗಿ ಕಾಣುತ್ತಿತ್ತು), ಪಾರದರ್ಶಕ ಹಾಳೆಯ ಮೇಲೆ ಪೆನ್ಸಿಲಿನಿಂದ ಗೆರೆ ಎಳೆಯುತ್ತಿದ್ದೆ. ಸಾಗರದ ಬಳಿಯ ಒಂದು ಕಡುಗೆಂಪು ತುಣುಕಿಗೆ 'ದಟ್ಟ ಕಾಡು' ಎಂದು ಹೆಸರಿಟ್ಟೆ. ಹಿರಿಯರು ಹೋಗಿ ನೋಡಿ ಬಾ ಎಂದರು. ಬಸ್ಸಿಳಿದು ಎರಡು ಮೈಲಿ ನಡೆದು ಹೋದರೆ ಅಲ್ಲಿದ್ದದ್ದು ಹಳೆಯ ತೋಟ. ಅಡಿಕೆ, ಅದಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಕೆಳಗೆ ಏಲಕ್ಕಿ. ಬೆಲ್ಲ-ನೀರು ಕೊಟ್ಟ ಯಜಮಾನರು ನನ್ನ ಹಾಳೆಯನ್ನು ತಿರುಗಿಸಿ ತಿರುಗಿಸಿ ನೋಡಿ, "ಇದು ಕಾಡಾದರೆ ನಾನು ಮಂಗನೇನೋ ತಮಾ?" ಎಂದರು. ಆ ಹಾಳೆ ಈಗಲೂ ನನ್ನ ಮೇಜಿನ ಖಾನೆಯಲ್ಲಿದೆ.

ಎರಡೂ ವರ್ಷಗಳ ಜನವರಿಯ ಚಿತ್ರಗಳನ್ನು ತೆಗೆದುಕೊಂಡು ಲೆಕ್ಕವನ್ನು ಹೊಸದಾಗಿ ಮಾಡಿ. 'ಕಾಡು' ಎಂದು ಗುರುತಿಸಿದ ಜಾಗಗಳಲ್ಲಿ ಇಪ್ಪತ್ತನ್ನಾದರೂ ಜಿಪಿಎಸ್ ಹಿಡಿದು ಹೋಗಿ ನೋಡಿ, ಅವುಗಳಲ್ಲಿ ಎಷ್ಟು ಸುಳ್ಳಾದವು ಎಂಬುದನ್ನು ಲೇಖನದಲ್ಲೇ ಬರೆಯಿರಿ. ನಾನು ಮೊದಲು ಓದುವುದು ಆ ಸಾಲನ್ನು. ಜನವರಿಯಲ್ಲೇ ಹೊರಟರೆ ಇಂಬಳದ ಕಾಟವೂ ಇರುವುದಿಲ್ಲ.

ಇತಿ,
ಸಂಪಾದಕ